ಹಿಡಿದುಕೊಳ್ಳಲು ಒಂದು ಕಂಬಿ

ನೋಡಲು ಚೆಂದವಿರುವ ಹಳೇ ಊರಿನಲ್ಲಿ ವಾಸ ಮಾಡುವವರೂ ಬೆಳಗೆದ್ದು ಬಚ್ಚಲಿಗೆ ಹೋಗಬೇಕಾಗುತ್ತದೆ. ಇದನ್ನೂ ಬಾಯಿ ಬಿಟ್ಟು ಹೇಳಬೇಕಾಗಿ ಬಂದಿದೆಯಲ್ಲ, ಅದಕ್ಕೇ ಮೈ ಉರಿಯುವುದು.

ಕೋಟೆಯೊಳಗಿನ ಆ ಬೀದಿ ಚೆಂದವಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ನಡುಬೇಸಿಗೆಯಲ್ಲೂ ಅಲ್ಲಿ ನೆರಳು ತಣ್ಣಗೆ ಕೂತಿರುತ್ತದೆ. ಕಾಲು ಸವೆಸಿದ ಹಾಸುಗಲ್ಲು, ಒಂದಕ್ಕೊಂದು ಆತುಕೊಂಡ ಮನೆಗಳು. ಮಹಡಿ ಕಿಟಕಿಗೆ ಬಂದರೆ ಗೋಡೆಯಾಚೆ ನದಿ, ನದಿಯಾಚೆ ಹೊಲ. ಅಂಥ ಕಿಟಕಿಗಳಲ್ಲೊಂದು ದರ್ಜಿಯ ಅಕ್ಕನದಾಗಿತ್ತು.

ದರ್ಜಿ ಮದುವೆಯಾಗಲಿಲ್ಲ. ಅಕ್ಕ ಗಂಡ ಹೋದ ಮೇಲೆ ತಮ್ಮನ ಮನೆಗೇ ಬಂದಳು. ಕೆಳಗೆ ಅಂಗಡಿ, ಅದರ ಹಿಂದೆ ಬಚ್ಚಲು. ಮೇಲೆ ಅಡುಗೆಮನೆ, ಅಕ್ಕನ ಕೋಣೆ. ನಡುವೆ ಬೀದಿಗೆ ತೆರೆದ ಕಲ್ಲುಮೆಟ್ಟಿಲು. ಅವನು ಹೊಲಿದ ಅಂಗಿಯನ್ನು ಬುಟ್ಟಿಗೆ ಹಾಕಿ ಹಗ್ಗ ಜಗ್ಗಿದರೆ ಬುಟ್ಟಿ ಕಿಟಕಿಗೆ ಏರುತ್ತಿತ್ತು. ಅಕ್ಕ ಕಾಜ ಹೊಲಿದು, ಗುಂಡಿ ಹಾಕಿ ಇಳಿಸುತ್ತಿದ್ದಳು. ಅಂಗಿಯ ಜೊತೆ ಬೈಗುಳವೂ ಇಳಿಯುತ್ತಿತ್ತು: ಕಾಲರ್ ಸೊಟ್ಟ, ಕಣ್ಣು ಯಾರಿಗೆ ಮಾರಿದೆ ಎಂದು. ಊರು ನೋಡಲು ಬಂದವರೆಲ್ಲ ಬುಟ್ಟಿಯ ಫೋಟೋ ತೆಗೆಯುತ್ತಿದ್ದರು.

ಆಮೇಲೆ ಅಕ್ಕನ ಮಂಡಿ ಕೈಕೊಟ್ಟಿತು. ಮೆಟ್ಟಿಲು ಕಡಿದಾದದ್ದು, ಹಿಡಿಯಲು ಏನೂ ಇಲ್ಲ. ಕೂತು ಕೂತು ಜಾರಿಕೊಂಡು ಇಳಿಯತೊಡಗಿದಳು. ಅದರ ಫೋಟೋವನ್ನೂ ಯಾರೋ ತೆಗೆದರು. ಅಂದಿನಿಂದ ಬೀದಿಯಲ್ಲಿ ಜನ ಇರುವಷ್ಟು ಹೊತ್ತು ಅವಳು ಇಳಿಯುತ್ತಿರಲಿಲ್ಲ. ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು.

ತಮ್ಮ ಒಂದು ಕಬ್ಬಿಣದ ಕಂಬಿ ಹಾಕಿಸಿ, ಕಲ್ಲಿನ ಬಣ್ಣವನ್ನೇ ಬಳಿಸಿದ. ಬಣ್ಣದ ವಾಸನೆ ಹೋಗುವ ಮೊದಲೇ ಕೋಟೆ ಕಾಪಾಡುವ ಕಚೇರಿಯ ಅಧಿಕಾರಿ ಬಂದ. ಕೆಟ್ಟವನೇನಲ್ಲ, ಕುಶಲ ಕೇಳಿದ, ಕೊಟ್ಟ ಚಹಾ ಕುಡಿದ. ಹಳೇ ಕಟ್ಟಡಕ್ಕೆ ಹೊಸದೇನೂ ಸೇರಿಸುವಂತಿಲ್ಲ, ಬಿಚ್ಚಿಸಿ ಎಂದ.

"ನೋಡೋಕೆ ಬರೋರಿಗೆ ಚೆನ್ನಾಗಿ ಕಾಣಲ್ಲ, ಮಾಸ್ಟ್ರೇ."

ಅಕ್ಕ ಮೇಲಿಂದ ಕೇಳಿದಳು: "ಮೆಟ್ಟಿಲ ಕೆಳಗೆ ನಾನು ಬಿದ್ದಿದ್ರೆ ಚೆನ್ನಾಗಿ ಕಾಣುತ್ತೇನಪ್ಪಾ?"

ಅಧಿಕಾರಿ ನಕ್ಕ. ಕಂಬಿ ಹೋಯಿತು.

ಅಕ್ಕನ ಮಗಳು ಇರುವುದು ಕೋಟೆಯಾಚೆ, ಲಿಫ್ಟ್ ಇರುವ ಕಟ್ಟಡದಲ್ಲಿ. ಬಂದು ಅಮ್ಮನನ್ನು ಕರೆದುಕೊಂಡು ಹೋದಳು. ಮಾವನನ್ನೂ ಕರೆದಳು, ಮಿಷನ್ ಬಿಟ್ಟು ಎಲ್ಲಿಗೆ ಬರಲಿ ಎಂದ. ಅಲ್ಲಿ ಮಂಚದಿಂದ ಕೈಚಾಚುವಷ್ಟು ದೂರದಲ್ಲೇ ಬಚ್ಚಲು, ತಪ್ಪು ಹುಡುಕಲು ಏನೂ ಇಲ್ಲ. ಸಂಜೆ ಅಕ್ಕನ ಫೋನ್ ಬರುತ್ತದೆ. ವರ್ಷಗಟ್ಟಲೆ ಕಿಟಕಿಗೂ ಅಂಗಡಿಗೂ ನಡುವೆ ಕೂಗಾಡಿಯೇ ಮಾತಾಡಿದವರು, ಫೋನಿನಲ್ಲೂ ಕೂಗುತ್ತಾರೆ. ಮೆಲ್ಲಗೆ ಮಾತಾಡಮ್ಮ, ಪಕ್ಕದವರು ಏನಂದುಕೊಳ್ಳುತ್ತಾರೆ ಎಂದು ಮಗಳು ಗದರುತ್ತಾಳೆ. ದನಿ ತಗ್ಗಿಸಿದೊಡನೆ ಇಬ್ಬರಿಗೂ ಮಾತು ಮುಗಿದುಹೋಗುತ್ತದೆ. ಉಳಿಯುವುದು ಒಂದೇ ಪ್ರಶ್ನೆ.

"ಕಂಬಿ ಹಾಕೋಕೆ ಬಿಟ್ರೇನೋ?"

"ಕೇಳ್ತಾ ಇದೀನಕ್ಕಾ."

ಕೇಳುತ್ತಲೇ ಇದ್ದಾನೆ. ಬಿಚ್ಚಿಸಿದ ಕಂಬಿ ಹಳೇ ಬಟ್ಟೆ ಸುತ್ತಿಕೊಂಡು ಅಂಗಡಿಯ ಮೂಲೆಯಲ್ಲಿ ಒರಗಿದೆ. ಕಾಜವನ್ನೂ ಈಗ ಅವನೇ ಹೊಲಿಯುತ್ತಾನೆ. ಬೈಯುವವರಿಲ್ಲದೆ ಕಾಲರ್ ನೆಟ್ಟಗಿದೆಯೋ ಇಲ್ಲವೋ ಅವನಿಗೇ ಅನುಮಾನ. ಬಿಚ್ಚಿ ಮತ್ತೆ ಹೊಲಿಯುತ್ತಾನೆ. ಊಟಕ್ಕೆ ಮಾತ್ರ ಮಹಡಿ ಹತ್ತುತ್ತಾನೆ, ಮಲಗುವುದು ಕತ್ತರಿಸಿದ ಬಟ್ಟೆಗಳ ನಡುವೆ.

ಬಂದವರು ಬುಟ್ಟಿ ಏರಿಸಿ ತೋರಿಸಿ ಎನ್ನುತ್ತಾರೆ. ಅಧಿಕಾರಿಯೂ ಅದನ್ನೊಂದು ನಿಲ್ಲಿಸಬೇಡಿ ಮಾಸ್ಟ್ರೇ ಎಂದು ಹೇಳಿ ಹೋಗಿದ್ದಾನೆ. ಇವನು ಹಗ್ಗ ಜಗ್ಗುತ್ತಾನೆ, ಖಾಲಿ ಬುಟ್ಟಿ ಕಿಟಕಿಯ ಹತ್ತಿರ ತೂಗಾಡುತ್ತದೆ. ಮೇಲೆ ಯಾರಿದ್ದಾರೆ ಎಂದು ಒಬ್ಬ ಹೆಂಗಸು ಕೇಳಿದಳು. ಯಾರೂ ಇಲ್ಲಮ್ಮ ಎಂದ. ಅವಳು ಫೋಟೋ ತೆಗೆದುಕೊಂಡಳು.

ದರ್ಜಿಯ ಮಾತು ಕಚೇರಿಗೆ ಕೇಳಿಸುವುದಿಲ್ಲ. ಆದರೆ ಕಂಬಿ ಬಿಚ್ಚಿಸಿದ್ದು ನೋಡಲು ಬರುವ ನಿಮ್ಮ ಹೆಸರಿನಲ್ಲಿ, ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು. ಹಾಗಾಗಿ ಹಳೇ ಊರು ನೋಡಲು ಹೋದಾಗ ಮೊದಲು ಆ ಕಚೇರಿಯ ಮೆಟ್ಟಿಲು ಹತ್ತಿ. ಅಲ್ಲಿ ಕಂಬಿ ಇದೆ, ಹಿಡಿದುಕೊಂಡೇ ಹತ್ತಿ. ಮುದುಕಿ ಹಿಡಿಯುವ ಕಂಬಿಯಿಂದ ನಮ್ಮ ಕಣ್ಣಿಗೇನೂ ನೋವಿಲ್ಲ, ವಾಪಸ್ಸು ಹಾಕಿಸಿ ಎಂದು ನಿಮ್ಮ ಬಾಯಿಂದಲೇ ಹೇಳಿ.