ಖಾರ್ ಕಡೆ ಹೊರಟ ಕುರ್ಚಿ

ಕಳೆದ ಭಾನುವಾರ ತಲೆಗೆ ಹಚ್ಚಿಕೊಳ್ಳಲೆಂದು ಹೇರ್ ಡೈ ಬಟ್ಟಲಿಗೆ ಹಿಂಡಿದೆ. ಯಾವಾಗಲೂ ತರುವ ಪ್ಯಾಕೆಟ್ ಸಿಗದೆ ಬೇರೆ ಯಾವುದೋ ತಂದಿದ್ದೆ. ಟ್ಯೂಬಿನ ಮುಚ್ಚಳ ತೆಗೆದದ್ದೇ ತಡ, ಅಮೋನಿಯಾ ಘಾಟು ಮೂಗಿಗೆ ಅಡರಿ ಕಣ್ಣಲ್ಲಿ ನೀರು ಬಂತು. ಕಿಟಕಿ ತೆರೆಯಲು ಹೋದವಳು ಹಾಗೆಯೇ ನಿಂತುಬಿಟ್ಟೆ. ಸಾಂತಾಕ್ರೂಜ್‌ನ ಆ ಆಫೀಸು, ಅದರ ಹಿಂಬದಿಯಲ್ಲಿ ನಕ್ಷೆಗಳ ಪ್ರಿಂಟ್ ತೆಗೆಯುತ್ತಿದ್ದ ಸಣ್ಣ ಕೋಣೆ, ಬಾಗಿಲಲ್ಲಿ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ನಿಂತ ಕಾಕಾ... ಆ ಪ್ರಿಂಟ್ ಮೆಷಿನ್ನಿಗೆ ಅಮೋನಿಯಾ ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಇಡೀ ಆಫೀಸು ಇದೇ ವಾಸನೆ ಹೊಡೆಯುತ್ತಿತ್ತು.

ಕಾಕಾ ಎಂದರೆ ಮರಾಠಿಯಲ್ಲಿ ಚಿಕ್ಕಪ್ಪ, ಆದರೆ ಅವರು ನನ್ನ ಸ್ವಂತ ಚಿಕ್ಕಪ್ಪ ಅಲ್ಲ. ಆಫೀಸಿನ ಮರಾಠಿ ಜನ ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ವಿಜಾಪುರದ ಕಡೆಯವರು. ಭಾಂಡುಪ್‌ನ ಒಂದು ಚಾಳಿನಲ್ಲಿದ್ದರು. ಮೀಸೆ ಮೂಡುವ ವಯಸ್ಸಿಗೆ ಮುಂಬೈಗೆ ಬಂದು, ನಾನು ಕಾಣುವ ಹೊತ್ತಿಗೆ ಆ ಆಫೀಸಿನ ಹಿರಿಯ ಡ್ರಾಫ್ಟ್ಸ್‌ಮನ್ ಆಗಿದ್ದರು. ಸಾಹೇಬರು, ಎಂದರೆ ಆಫೀಸಿನ ಮಾಲೀಕರು, ಜನರ ಮನೆಗಳಿಗೆ ಒಳಾಂಗಣ ವಿನ್ಯಾಸ ಮಾಡಿಕೊಡುತ್ತಿದ್ದರು. ಅವರು ಸಿಗರೇಟು ಪ್ಯಾಕಿನ ಮೇಲೆ ಗೀಚಿಕೊಟ್ಟದ್ದನ್ನು ಟ್ರೇಸಿಂಗ್ ಪೇಪರಿನ ಮೇಲೆ ಮಸಿಯಲ್ಲಿ ಮನೆಯಾಗಿ ಮಾಡುವುದು ಕಾಕಾರ ಕೆಲಸ. ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದರು. ಕೆರೆದ ಜಾಗ ಎಲ್ಲಿದೆ ಅಂತ ಹುಡುಕಿದರೂ ಸಿಗುತ್ತಿರಲಿಲ್ಲ. ಜೇಬಿನಲ್ಲಿ ಒಂದು ಭೂತಗನ್ನಡಿ ಸದಾ ಇರುತ್ತಿತ್ತು, ಚರ್ಮದ ಕವಚದೊಳಗೆ.

ನಾನು ಬೊರಿವಲಿಯ ಹುಡುಗಿ. ಅಪ್ಪ ಅಮ್ಮ ಮೈಸೂರಿನವರು. ಡಿಪ್ಲೊಮಾ ಮುಗಿಸಿ, ಕಂಪ್ಯೂಟರಿನಲ್ಲಿ ಮನೆ ನಕ್ಷೆ ಬರೆಯುವ ಕೋರ್ಸನ್ನು ಮೂರು ತಿಂಗಳು ಮಾಡಿ, ಜಗತ್ತನ್ನೇ ಗೆದ್ದವಳಂತೆ ಅಲ್ಲಿಗೆ ಸೇರಿದ್ದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾಲಿಗೆ ಸ್ವಲ್ಪ ಉದ್ದ ಇತ್ತು, ಈಗಲೂ ಇದೆ. ಕಾಕಾರ ಕನ್ನಡ ಕೇಳಿ ನಾನು ನಗುತ್ತಿದ್ದೆ. ನನ್ನ ಅರ್ಧ ಹಿಂದಿಯ ಕನ್ನಡ ಕೇಳಿ ಅವರು ನಗುತ್ತಿದ್ದರು. ಊಟದ ಹೊತ್ತಿಗೆ ಅವರ ಡಬ್ಬಿಯ ಶೇಂಗಾ ಚಟ್ನಿ ನನ್ನ ತಟ್ಟೆಗೂ ಬರುತ್ತಿತ್ತು.

ಆದರೆ ನಮ್ಮಿಬ್ಬರ ನಡುವೆ ಆ ಕಂಪ್ಯೂಟರ್ ಇತ್ತು. ಸಾಹೇಬರು ಅದನ್ನು ಪೂರ್ತಿ ಕೊಂಡಿರಲಿಲ್ಲ, ಒಂದು ತಿಂಗಳು ನೋಡೋಣ ಅಂತ ತರಿಸಿದ್ದರು. ಅವರು ಎಲ್ಲರೆದುರಿಗೇ ಹೇಳಿದ ಮಾತು ಇದು: ಸಾಂತಾಕ್ರೂಜ್‌ನಲ್ಲೇ ಹೊಸ ಫ್ಲಾಟ್ ಕೊಂಡ ಗುಜರಾತಿ ದಂಪತಿ ಶನಿವಾರ ನಾಲ್ಕು ಗಂಟೆಗೆ ಬರುತ್ತಾರೆ, ಅವರಿಗೆ ಪರದೆಯ ಮೇಲೆ ಮನೆ ತೋರಿಸಬೇಕು. ಒಪ್ಪಿದರೆ ಮೆಷಿನ್ನೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ, ಆದರೆ ಡ್ರಾಯಿಂಗ್ ಬೋರ್ಡುಗಳು ಕಮ್ಮಿಯಾಗುತ್ತವೆ. ಒಪ್ಪದಿದ್ದರೆ ಮೆಷಿನ್ನೂ ವಾಪಸ್, ನಾನೂ ವಾಪಸ್. ಬೋರ್ಡುಗಳು ಕಮ್ಮಿಯಾದರೆ ಮೊದಲು ಎತ್ತುವುದು ಯಾರದನ್ನು ಅಂತ ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಕಾಕಾರಿಗೆ ಆಗಲೇ ಐವತ್ತಾರೋ ಐವತ್ತೇಳೋ.

ಅಷ್ಟಾದರೂ ಅವರು ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಕೆಲಸದ ನಡುವೆ ಎದ್ದು ಬಂದು, ಕೈಕಟ್ಟಿ ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಒಂದು ದಿನ ನಾನು ದುಂಡನೆಯ ಊಟದ ಮೇಜು ಬರೆದು ಹತ್ತಿರದಿಂದ ನೋಡಲು ಹಿಗ್ಗಿಸಿದರೆ, ಪರದೆಯ ಮೇಲೆ ಅದಕ್ಕೆ ಮೂಲೆಗಳು ಬಂದಿದ್ದವು. ಕಾಕಾ ಒಂದೊಂದಾಗಿ ಎಣಿಸಿದರು. “ಎಂಟು ಮೂಲಿ ಇರೂ ದುಂಡ ಮೇಜು. ನಾ ಹಿಂಗ ಬರದಿದ್ರ ಸಾಹೇಬ್ರು ಕಿವಿ ಹಿಂಡ್ತಿದ್ರು,” ಅಂದರು. ನನಗೆ ಅವಮಾನವಾಗಿ, ಪುಸ್ತಕ ತಿರುವಿ ಹಾಕಿ, ಪರದೆಯನ್ನು ಮತ್ತೊಮ್ಮೆ ಹೊಸದಾಗಿ ಬರೆ ಎಂದು ಮೆಷಿನ್ನಿಗೆ ಹೇಳುವುದು ಹೇಗೆಂದು ಹುಡುಕಿದೆ. ಮೂಲೆಗಳು ಮಾಯವಾಗಿ ಮೇಜು ದುಂಡಗಾಯಿತು. ಕಾಕಾ ಮಗುವಿನಂತೆ ಇನ್ನೊಮ್ಮೆ ಮಾಡು, ಇನ್ನೊಮ್ಮೆ ಮಾಡು ಅಂತ ಮೂರು ಸಲ ಮಾಡಿಸಿ ನೋಡಿದರು. ಮತ್ತೊಂದು ದಿನ ಸೋಫಾ ಮಂಚಗಳೆಲ್ಲ ಕಾಣೆಯಾಗಿ ಬರೀ ಗೋಡೆ ಉಳಿದಿತ್ತು. ಸಾಮಾನುಗಳ ಪದರವನ್ನು ನಾನೇ ಮರೆಮಾಡಿ ಮರೆತಿದ್ದೆ. ಪದರ ಎಂದರೇನು ಅಂತ ಅವರಿಗೆ ವಿವರಿಸಲು ಹೊರಟರೆ, ಒಂದರ ಮೇಲೊಂದು ಟ್ರೇಸಿಂಗ್ ಪೇಪರ್ ಇಟ್ಟ ಹಾಗೆ ತಾನೇ, ಅಷ್ಟಕ್ಕೆ ಇಷ್ಟು ಮಾತೇಕೆ ಅಂದುಬಿಟ್ಟರು.

ಅವರದೊಂದು ರೂಢಿ ಇತ್ತು. ಹೊಸ ಹಾಳೆ ಬೋರ್ಡಿಗೆ ಅಂಟಿಸಿದ ಕೂಡಲೇ ನೆತ್ತಿಯಲ್ಲಿ ಪೆನ್ಸಿಲಿನಿಂದ ಸಾಸಿವೆಯಷ್ಟು ಸಣ್ಣ ಶ್ರೀ ಬರೆಯುತ್ತಿದ್ದರು. ಅದು ಬಿದ್ದ ಮೇಲೆಯೇ ಮೊದಲ ಗೋಡೆ. ನನ್ನ ಕಂಪ್ಯೂಟರಿನಲ್ಲಿ ಶ್ರೀ ಇಲ್ಲದ್ದಕ್ಕೆ ಅವರಿಗೆ ಸಮಾಧಾನವಿರಲಿಲ್ಲ. ದಿನಾ ಕೇಳುತ್ತಿದ್ದರು. ಕಾಟ ತಡೆಯಲಾರದೆ ಒಂದು ದಿನ ಕಮಾನು, ಗೆರೆ, ವೃತ್ತ ಎಲ್ಲ ಜೋಡಿಸಿ ಒಂದು ಶ್ರೀ ಬರೆದೆ. ಆ ಮೆಷಿನ್ನಿನ ಲೆಕ್ಕ ಎಡಗಡೆ ಕೆಳಗಿನ ಮೂಲೆಯಲ್ಲಿ ಸೊನ್ನೆಯಿಂದ ಶುರುವಾಗುತ್ತಿತ್ತು. ಹಾಗಾಗಿ ಶ್ರೀಯನ್ನೂ ಅಲ್ಲೇ ಇಟ್ಟು, ಅದರ ಪಕ್ಕದಿಂದ ಮನೆ ಎಬ್ಬಿಸುವ ಅಭ್ಯಾಸ ಮಾಡಿಕೊಂಡೆ. ಕಾಕಾ ನೋಡಿ ಮುಖ ಹುಳ್ಳಗೆ ಮಾಡಿದರು. “ಶ್ರೀ ತಲಿ ಮ್ಯಾಲ ಇರಬೇಕು ತಂಗಿ, ನೀ ಕಾಲಾಗ ಇಟ್ಟೀಯಲ್ಲ,” ಅಂದರು. ಈ ಮೆಷಿನ್ನಿಗೆ ತಲೆ ಕೆಳಗೇ ಇರುವುದು ಕಾಕಾ, ಅಂದೆ. ಅವರು ನಕ್ಕು ಹೋದರು.

ಆ ಶನಿವಾರ ಸಾಹೇಬರು ಬೆಳಿಗ್ಗೆಯಿಂದ ಸೈಟಿನಲ್ಲಿದ್ದರು. ನನ್ನ ನಕ್ಷೆಯ ಗ್ಯಾಲರಿಯಲ್ಲಿ, ಎಂದರೆ ಬಾಲ್ಕನಿಯಲ್ಲಿ, ಒಂದು ಕುರ್ಚಿ ಇತ್ತು, ಅಂಥದೇ ಇನ್ನೊಂದನ್ನು ಆಚೆ ತುದಿಗೆ ಇಡುವುದೊಂದು ಬಾಕಿ. ನಾವು ಮುನಿಸಿಪಾಲಿಟಿಗೆ ಕೊಡುವ ನಕ್ಷೆಗಳನ್ನು ಮೀಟರ್ ಲೆಕ್ಕದಲ್ಲೂ ಬಡಗಿಗೆ ಕೊಡುವುದನ್ನು ಫೂಟಿನಲ್ಲೂ ಮಾಡುತ್ತಿದ್ದೆವು. ನನ್ನ ಮನೆ ಇದ್ದದ್ದು ಫೂಟಿನಲ್ಲಿ. ಕೈಯಲ್ಲಿದ್ದ ಚೀಟಿ ಮಿಲಿಮೀಟರಿನದು. ಅದರಲ್ಲಿ ಮೂರು ಸಾವಿರ ಅಂತಿತ್ತು. ನಾನು ಕಣ್ಣು ಮುಚ್ಚಿ ಮೂರು ಸಾವಿರ ಅಂತಲೇ ಒತ್ತಿದೆ.

ಎರಡನೆಯ ಕುರ್ಚಿ ಎಲ್ಲೂ ಕಾಣಲಿಲ್ಲ. ಎಲ್ಲಿ ಅಡಗಿದೆಯೋ ನೋಡೋಣ ಅಂತ, ಬರೆದದ್ದನ್ನೆಲ್ಲ ಒಟ್ಟಿಗೆ ತೋರಿಸು ಎಂದು ಮೆಷಿನ್ನಿಗೆ ಹೇಳಿದೆ. ಅದು ಸ್ವಲ್ಪ ಹೊತ್ತು ಗುರುಗುಟ್ಟಿತು. ಆಮೇಲೆ ಪರದೆ ಪೂರ್ತಿ ಕಪ್ಪಾಯಿತು. ಗೋಡೆಗಳಿಲ್ಲ, ಅಡುಗೆಮನೆಯಿಲ್ಲ, ಏನೂ ಇಲ್ಲ. ಗಾಬರಿಯಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದೆ. ಇದ್ದಬದ್ದದ್ದಾದರೂ ಉಳಿಯಲಿ ಅಂತ ಸೇವ್ ಮಾಡಿದೆ. ಮೆಷಿನ್ ಆರಿಸಿ ಮತ್ತೆ ಹಚ್ಚಿದೆ. ನಕ್ಷೆ ತೆರೆದರೆ ಅದೇ ಕಪ್ಪು. ಎರಡು ವಾರದ ಕೆಲಸ ನೀರಿನಲ್ಲಿ ಹೋಯಿತು ಅನ್ನಿಸಿತು. ಗಂಟೆ ಒಂದೂವರೆ.

ಯಾರನ್ನೂ ಕೇಳಲು ಬಾಯಿ ಬರಲಿಲ್ಲ. ಇದ್ದವರು ಕಾಕಾ ಒಬ್ಬರೇ, ಉಳಿದವರು ಊಟಕ್ಕೆ ಹೊರಗೆ ಹೋಗಿದ್ದರು. ಕಾಕಾರನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ? ನನ್ನ ಪರದೆ ಕಪ್ಪಾದರೆ ಅವರ ಬೋರ್ಡ್ ಉಳಿಯುತ್ತದೆ ಎನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅಳು ಕಾಣಬಾರದು ಅಂತ ದುಪಟ್ಟಾದ ತುದಿಯಿಂದ ಪರದೆ ಒರೆಸುತ್ತ ಕೂತೆ. ಕೆಳಗೆ ಎಡಮೂಲೆಯಲ್ಲಿ ಒಂದು ಧೂಳಿನ ಕಣ ಕೂತಿತ್ತು. ಅದನ್ನೇ ಉಜ್ಜಿದೆ, ಉಜ್ಜಿದೆ...

ಕಾಕಾ ಡಬ್ಬಿ ಅರ್ಧಕ್ಕೆ ಮುಚ್ಚಿ ಎದ್ದು ಬಂದರು. ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು.

“ಆಗಿಂದ ಏನ ಒರಸ್ಲಿಕ್ಕತ್ತೀ?”

“ಧೂಳು ಕೂತಿದೆ ಕಾಕಾ.”

“ಧೂಳ ಆಗಿದ್ರ ಹೋಗಬೇಕಲ್ಲ.”

ಅವರು ಭೂತಗನ್ನಡಿ ತೆಗೆದು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ನನ್ನ ನಕ್ಷೆಯಲ್ಲಿ ಗೋಡೆಗಳಿಗೆ ಹಳದಿ, ಸಾಮಾನುಗಳಿಗೆ ಕೆಂಪು ಬಣ್ಣ ಕೊಟ್ಟಿದ್ದೆ. ಅವರು ಅದನ್ನು ದಿನಾ ನೋಡಿದವರು.

“ಧೂಳಿಗೆ ಹಳದಿ ಬಣ್ಣ ಎಲ್ಲಿಂದ ಬಂತು? ನೀ ಶ್ರೀ ಎಲ್ಲಿ ಬರದಿದ್ದಿ?”

“ಎಡಗಡೆ ಕೆಳಗೆ. ಮೂಲೇಲಿ.”

“ಹಂಗಾದ್ರ ಮನಿ ಅಲ್ಲೇ ಅದ, ಶ್ರೀ ಬಾಜೂಕ. ಎಲ್ಲೂ ಹೋಗಿಲ್ಲ. ನೀ ಭಾಳ ದೂರ ನಿಂತು ನೋಡ್ಲಿಕ್ಕತ್ತೀ.”

ಆ ಚುಕ್ಕೆಯ ಸುತ್ತ ಒಂದು ಚೌಕ ಎಳೆದು, ಇಷ್ಟನ್ನೇ ದೊಡ್ಡದು ಮಾಡಿ ತೋರಿಸು ಎಂದೆ. ಒಂದೊಂದೇ ಗೆರೆ ಬಂತು. ಹಾಲ್ ಬಂತು, ಅಡುಗೆಮನೆ ಬಂತು, ಗ್ಯಾಲರಿ ಬಂತು. ಕೆಳಗಿನ ಮೂಲೆಯಲ್ಲಿ ಶ್ರೀ ಕೂಡ. ಅಷ್ಟು ಹೊತ್ತು ನಾನು ದುಪಟ್ಟಾದಿಂದ ಒರೆಸಿ ತೆಗೆಯಲು ನೋಡಿದ್ದು ಆ ಗುಜರಾತಿ ದಂಪತಿಯ ಇಡೀ ಮನೆಯನ್ನು.

ಕಾಕಾ ಅಷ್ಟಕ್ಕೆ ಬಿಡಲಿಲ್ಲ. ಪರದೆ ಯಾಕೆ ಅಷ್ಟು ದೂರ ಓಡಿತು ಅಂತ ಕೇಳಿದರು, ಕೊನೆಗೆ ಏನು ಬರೆದೆ ಅಂತ ಕೇಳಿದರು. ಕುರ್ಚಿಯ ಕತೆ ಹೇಳಿ ಚೀಟಿ ಕೊಟ್ಟೆ. ಚೀಟಿ ನೋಡಿದರು, ನನ್ನನ್ನು ನೋಡಿದರು. ಚೀಟಿಯ ಮೂರು ಸಾವಿರ ಮಿಲಿಮೀಟರ್ ಎಂದರೆ ಬರೀ ಹತ್ತು ಫೂಟು, ನಾನು ಒತ್ತಿದ ಮೂರು ಸಾವಿರ ಫೂಟು ಎಂದರೆ ಸುಮಾರು ಒಂದು ಕಿಲೋಮೀಟರ್. ಅಷ್ಟು ದೂರದ ಕುರ್ಚಿಯನ್ನೂ ಮನೆಯನ್ನೂ ಒಂದೇ ಪರದೆಯಲ್ಲಿ ತೋರಿಸಲು ಹೋಗಿ ಮೆಷಿನ್ನು ಮನೆಯನ್ನು ಚುಕ್ಕೆ ಮಾಡಿತ್ತು, ಕುರ್ಚಿಯಂತೂ ಕಣ್ಣಿಗೇ ಕಾಣದಷ್ಟಾಗಿತ್ತು. “ಕುರ್ಚಿ ಖಾರ್ ಕಡೆ ಹೊಂಟದ,” ಅಂದರು ಕಾಕಾ, ಸಾಂತಾಕ್ರೂಜ್‌ನ ಪಕ್ಕದ ಸ್ಟೇಷನ್ನಿನ ಹೆಸರು ಹಿಡಿದು. “ಇನ್ನ ಸ್ವಲ್ಪ ಬಿಟ್ರ ಸ್ಟೇಷನ್ ಮುಟ್ತಿತ್ತು.” ನಾನು ಅಳುತ್ತಲೇ ನಕ್ಕೆ. ಆ ಕುರ್ಚಿಯನ್ನು ಅಳಿಸಿ ಹತ್ತು ಫೂಟಿನಲ್ಲಿ ಹೊಸದು ಇಟ್ಟೆ. ಎಲ್ಲವನ್ನೂ ತೋರಿಸು ಎಂದಾಗ ಮನೆ ಪರದೆ ತುಂಬ ನಿಂತಿತು.

ಆಮೇಲೆ ನಾಲಿಗೆ ತಡೆಯದೆ ಕೇಳಿಯೇ ಬಿಟ್ಟೆ. ಸುಮ್ಮನಿದ್ದಿದ್ದರೆ ನಿಮ್ಮ ಬೋರ್ಡ್ ಉಳೀತಿತ್ತಲ್ಲ ಕಾಕಾ, ಅಂತ. ಅವರು ಭೂತಗನ್ನಡಿಯನ್ನು ಅಂಗಿಯ ಚುಂಗಿಗೆ ಒರೆಸಿ ಕವಚಕ್ಕೆ ಹಾಕುತ್ತಿದ್ದರು. “ನಾಕಕ್ಕ ಗಿರಾಕಿ ಬರ್ತಾರ. ಅವರಿಗೆ ಮನಿ ತೋರಸಬೇಕಲ್ಲ,” ಅಂದರು. ಅಷ್ಟೇ. ಎದ್ದು ಹೋಗಿ ಉಳಿದ ಊಟ ಮುಗಿಸಿದರು.

ದಂಪತಿ ಬಂದರು, ಒಪ್ಪಿದರು. ಆಕೆ ಪರದೆಯ ಮೇಲೆ ಬೆರಳಿಟ್ಟು ಇದೇ ನನ್ನ ದೇವರ ಜಾಗ ಅಂತ ಗಂಡನಿಗೆ ತೋರಿಸಿದ್ದು ನೆನಪಿದೆ. ನಡೆದದ್ದರ ಒಂದು ಅಕ್ಷರವನ್ನೂ ಕಾಕಾ ಸಾಹೇಬರಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಹೇಳದಿದ್ದದ್ದು ದೊಡ್ಡತನ, ನಾನು ಹೇಳದಿದ್ದದ್ದು ಹೆದರಿಕೆ.

ಮೂರ್ನಾಲ್ಕು ತಿಂಗಳಿಗೆ ಕಾಕಾರ ಬೋರ್ಡ್ ಗೋಡೆಗೆ ಒರಗಿತು. ಕೊನೆಯ ದಿನ ಎಲ್ಲರಿಗೂ ಪೇಢೆ ಹಂಚಿದರು. ನನ್ನ ಬಳಿ ಬಂದು ಭೂತಗನ್ನಡಿಯನ್ನು ಕವಚದ ಸಮೇತ ಮೇಜಿನ ಮೇಲಿಟ್ಟರು. ಅದರ ಜೊತೆ ಮಡಿಸಿದ ಒಂದು ಚೀಟಿ.

“ಇಷ್ಟ ವರ್ಷ ಮಂದಿ ಮನಿ ಬರದೆ. ನಂದೊಂದು ಬರೀಲಿಲ್ಲ. ವ್ಯಾಳ್ಯಾ ಸಿಕ್ರ ನಿನ್ನ ಮಷೀನಿನಾಗ ಹಾಕಿ ತೋರಸು ತಂಗಿ. ಹ್ಯಾಂಗ ಕಾಣ್ತದ ನೋಡೂಣು.”

ಮುಂದಿನ ವಾರ ಖಂಡಿತ ಕಾಕಾ, ಅಂದೆ. ಮುಂದಿನ ವಾರ ಬೇರೆ ಕೆಲಸ ಬಂತು. ಅದರ ಮುಂದಿನ ವಾರವೂ ಬಂತು. ಭಾಂಡುಪ್‌ಗೆ ಹೋಗಿ ಮಾತಾಡಿಸಿ ಬರಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ. ನಮ್ಮದು ವೆಸ್ಟರ್ನ್ ರೈಲು ಲೈನ್, ಅವರದು ಸೆಂಟ್ರಲ್, ದಾದರಿನಲ್ಲಿ ಬದಲಾಯಿಸಬೇಕು... ಮುಂಬೈಯಲ್ಲಿ ಲೈನ್ ಬೇರೆ ಎಂದರೆ ಎಲ್ಲ ತಪ್ಪಿಗೂ ಮಾಫಿ ಸಿಕ್ಕ ಹಾಗೆ. ಅದೇ ಕಾಕಾ ಅಷ್ಟೊಂದು ವರ್ಷ ದಿನಾ ದಾದರಿನಲ್ಲಿ ಲೋಕಲ್ ಬದಲಾಯಿಸಿಯೇ ಬಂದು ಹೋಗಿದ್ದರು. ಎರಡು ವರ್ಷದ ಮೇಲೆ ಹಳೆಯ ಸಹೋದ್ಯೋಗಿಯೊಬ್ಬ ಸ್ಟೇಷನ್ನಿನಲ್ಲಿ ಸಿಕ್ಕು, ಕಾಕಾ ತೀರಿಹೋಗಿ ಆಗಲೇ ಆರು ತಿಂಗಳಾಯಿತು ಅಂದ. ನನ್ನ ಲೋಕಲ್ ಬಂತು, ಹತ್ತಿದೆ. ಬೊರಿವಲಿವರೆಗೆ ಬಾಗಿಲ ಬಳಿ ನಿಂತೇ ಬಂದೆ.

ಅಂದಿನಿಂದ ಇಂದಿನವರೆಗೆ ನಾನು ಉಂಡ ಅನ್ನದಲ್ಲಿ ಅವರದೊಂದು ಪಾಲಿದೆ. ಈಗಲೂ ಮನೆಯಲ್ಲೇ ಕೂತು ಜನರಿಗೆ ಅಡುಗೆಮನೆಯ ನಕ್ಷೆ ಮಾಡಿಕೊಡುತ್ತೇನೆ. ಪ್ರತಿ ನಕ್ಷೆಯನ್ನೂ ಎಡಗಡೆ ಕೆಳಗಿನ ಶ್ರೀಯಿಂದಲೇ ಶುರು ಮಾಡುತ್ತೇನೆ. ಏನಾದರೂ ಕಾಣದೆ ಹೋದರೆ ಅಳಿಸುವುದಕ್ಕೆ ಮುಂಚೆ ಆ ಮೂಲೆ ನೋಡುತ್ತೇನೆ. ಇಷ್ಟನ್ನೂ ಕಲಿಸಿದವರು ಮೌಸ್ ಒಮ್ಮೆಯೂ ಮುಟ್ಟದ ಮನುಷ್ಯ.

ಭಾನುವಾರ ಡೈ ಹಚ್ಚಿಕೊಂಡು, ಅರ್ಧ ಗಂಟೆ ಕಾಯಬೇಕಲ್ಲ ಅಂತ ಕಪಾಟಿನಿಂದ ಆ ಚರ್ಮದ ಕವಚ ತೆಗೆದೆ. ಚೀಟಿ ಮಡಿಕೆಯಲ್ಲಿ ಹರಿದಿತ್ತು, ಅಕ್ಷರ ಹಾಗೇ ಇತ್ತು. ನೆತ್ತಿಯಲ್ಲಿ ಶ್ರೀ. ಕೆಳಗೆ ಒಂದೇ ಕೋಣೆಯ ಅಳತೆ: ಹತ್ತು ಫೂಟು ಎರಡು ಇಂಚು, ಹನ್ನೊಂದೂವರೆ ಫೂಟು. ಬಾಗಿಲು, ಕಿಟಕಿ, ಸ್ನಾನದ ಮೋರಿ, ಮಂಚ. ಒಂದು ಗೋಡೆಗೆ ಚುಕ್ಕೆ ಗೆರೆಯಲ್ಲಿ ಕಪಾಟು, ಮುಂದೆ ಮಾಡಿಸಬೇಕು ಅಂತ ಪಕ್ಕದಲ್ಲಿ ಬರೆದಿತ್ತು. ಲ್ಯಾಪ್‌ಟಾಪ್ ತೆರೆದು ಬರೆಯತೊಡಗಿದೆ. ಇಪ್ಪತ್ತು ನಿಮಿಷದ ಕೆಲಸ. ಇಷ್ಟು ವರ್ಷ ಮುಂದೂಡಿದ್ದು ಇಪ್ಪತ್ತು ನಿಮಿಷದ ಕೆಲಸವನ್ನು...

ಕೊನೆಗೆ, ಎಲ್ಲವನ್ನೂ ತೋರಿಸು ಎಂದೆ. ಕಾಕಾರ ಒಂದು ಕೋಣೆ ಪರದೆ ತುಂಬ ಬಂದು ನಿಂತಿತು, ಗೋಡೆ ಹಳದಿ, ಮಂಚ ಕಪಾಟು ಕೆಂಪು. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತು ನೋಡುವವರು ಇರಲಿಲ್ಲ. ತಲೆಗೆ ಹಚ್ಚಿದ್ದು ಒಣಗಿ ಉರಿಯತೊಡಗಿದ ಮೇಲೆಯೇ ನಾನು ಅಲ್ಲಿಂದ ಎದ್ದೆ.