ಮುನಿಆಂಜನಪ್ಪನವರ ಬಲಗೈ ಉಗುರುಗಳು

ಶಿವಾಜಿನಗರದಿಂದ ಹಲಸೂರು, ಇಂದಿರಾನಗರಗಳ ಮೇಲೆ ಕೆ.ಆರ್. ಪುರಕ್ಕೆ ಹೋಗುವ ಬಸ್ಸಿನಲ್ಲಿ ನಾನು ಬಹಳ ವರ್ಷ ಶಾಲೆಗೆ ಹೋಗಿ ಬಂದವನು. ಆ ಬಸ್ಸಿನ ಕಂಡಕ್ಟರ್ ಮುನಿಆಂಜನಪ್ಪನವರು ಹಲಸೂರಿನಲ್ಲಿ ನಮ್ಮ ಬೀದಿಯವರೇ. ದಪ್ಪ ಮೀಸೆ, ಅದಕ್ಕೆ ಸ್ವಲ್ಪವೂ ಹೊಂದದ ಮೆಲುದನಿ. ಫುಟ್‌ಬೋರ್ಡಿನ ಮೇಲೆ ನೇತಾಡುವ ಹುಡುಗರನ್ನು ಬೈಯುವಾಗಲೂ ಅವರು ಮನವಿ ಸಲ್ಲಿಸುತ್ತಿರುವಂತೆ ಕೇಳಿಸುತ್ತಿತ್ತು. ನಲವತ್ತು ದಾಟಿದ ಮೇಲೆ ಈ ಮನುಷ್ಯ ಗಿಟಾರ್ ಕಲಿಯುತ್ತಾರೆಂದು ಯಾರೂ ಎಣಿಸಿರಲಿಲ್ಲ. ಅವರೂ ಎಣಿಸಿರಲಿಲ್ಲ.

1999ರ ಬೇಸಿಗೆಯಲ್ಲಿ ಹಲಸೂರಿನ ರಸ್ತೆಯನ್ನು ಪೈಪು ಹಾಕಲು ಅಗೆದಿದ್ದರು. ಬಸ್ಸು ಕಾಕ್ಸ್ ಟೌನಿನ ಒಳರಸ್ತೆಗಳನ್ನು ಸುತ್ತಿಕೊಂಡು ಹೋಗುವಾಗ ಹಿಂದಿನ ಚಕ್ರ ಪಂಕ್ಚರ್ ಆಯಿತು. ಪ್ರಯಾಣಿಕರು ಗೊಣಗುತ್ತ ಬೇರೆ ಬಸ್ಸು ಹಿಡಿಯಲು ನಡೆದರು. ಮುನಿಆಂಜನಪ್ಪನವರು ಕುಡಿಯುವ ನೀರು ಕೇಳಲೆಂದು ಒಂದು ಹಳೆಯ ಹೆಂಚಿನ ಮನೆಯ ಗೇಟು ತೆರೆದರು. ಒಳಗೆ ಯಾರೋ ಇಬ್ಬರು ವಾದ್ಯ ನುಡಿಸುತ್ತಿದ್ದರು. ಒಂದು ದನಿ ಕೆಳಗೆ ನಿಧಾನವಾಗಿ ಹೆಜ್ಜೆ ಹಾಕುತ್ತಿತ್ತು, ಇನ್ನೊಂದು ಅದರ ಮೇಲೆ ಆಡಿಕೊಂಡು ಹೋಗುತ್ತಿತ್ತು. ಕಿಟಕಿಯಲ್ಲಿ ಇಣುಕಿದರೆ ಕಂಡದ್ದು ಬಿಳಿಗೂದಲಿನ ಒಬ್ಬ ಹೆಂಗಸು ಮತ್ತು ಒಂದೇ ಗಿಟಾರು. ನೀರು ಕುಡಿದು ಲೋಟ ಕೊಡುವಾಗ ಅವರು, ಇನ್ನೊಬ್ಬರು ಎಲ್ಲಿ ಹೋದರು ಎಂದು ಕೇಳಿದರಂತೆ.

ಆಕೆ ಡೋರೀನ್ ಮಿಸ್. ಆಂಗ್ಲೋ ಇಂಡಿಯನ್ ಮನೆತನ; ಸುತ್ತಮುತ್ತಲ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತ ಕೂದಲು ನರೆತವರು. ಪ್ರಶ್ನೆ ಕೇಳಿ ಅವರಿಗೆ ನಗು ಬಂತು. ಕಂಡಕ್ಟರನ್ನು ಕೂರಿಸಿ, ಒಂದೇ ಕೈ ಎರಡು ಕೆಲಸ ಮಾಡುವ ಬಗೆಯನ್ನು ತೋರಿಸಿದರು. ಹೆಬ್ಬೆರಳು ಮೇಲಿನ ಮೂರು ದಪ್ಪ ತಂತಿಗಳನ್ನು ನೋಡಿಕೊಳ್ಳುತ್ತದೆ. ಅದರ ಪಕ್ಕದ ಮೂರು ಬೆರಳು ಕೆಳಗಿನ ಮೂರು ತೆಳು ತಂತಿಗಳನ್ನು ಒಂದೊಂದಾಗಿ ಮೀಟುತ್ತವೆ. ಆರ್ಕೆಸ್ಟ್ರಾದವರು ಬಾರಿಸುವ ಹಾಗೆ ಎಲ್ಲ ತಂತಿಗಳನ್ನು ಒಟ್ಟಿಗೆ ಕೆರೆಯುವುದಿಲ್ಲ. ತಂತಿಯೂ ಉಕ್ಕಿನದಲ್ಲ, ನೈಲಾನಿನದು. ಮುನಿಆಂಜನಪ್ಪನವರು ಸ್ವಲ್ಪ ಹೊತ್ತು ನೋಡಿ ಹೇಳಿದರು.

"ಹೆಬ್ಬೆರಳು ಡ್ರೈವರ್ ಇದ್ದಂಗೆ ಮಿಸ್. ಅವನ ಪಾಡಿಗೆ ಗಾಡಿ ಓಡಿಸ್ತಾನೆ. ಹಿಂದೆ ಓಡಾಡೋದೆಲ್ಲ ನಮ್ಮ ಕೆಲ್ಸ."

ಈ ಮಾತಿಗೆ ಮಿಸ್ ಸೋತುಹೋದರು. ವಾರದ ರಜೆಯ ದಿನ ಬಾ ಎಂದರು. ಅವರು ಹೋದರು. ಮೊದಲು ಕುತೂಹಲಕ್ಕೆ, ಆಮೇಲೆ ಬಿಡಲಾಗದೆ.

ಶಿವಾಜಿನಗರದಲ್ಲಿ ಹಳೆಯ ವಾದ್ಯಗಳನ್ನು ರಿಪೇರಿ ಮಾಡುವ ಹಬೀಬ್ ಸಾಹೇಬರು, ಬೆನ್ನಿನಲ್ಲಿ ಬಿರುಕು ಬಿಟ್ಟಿದ್ದ ಒಂದು ಗಿಟಾರನ್ನು ಅಂಟು ಹಾಕಿ ಕೊಟ್ಟರು. ಕೂತಾಗ ಎಡಗಾಲು ಎತ್ತರಿಸಿಕೊಳ್ಳಬೇಕು. ಮಿಸ್ ಮನೆಯಲ್ಲಿ ಅದಕ್ಕೊಂದು ಪುಟ್ಟ ಸ್ಟೂಲು ಇತ್ತು. ಹಲಸೂರಿನಲ್ಲಿ ಆ ಜಾಗಕ್ಕೆ ಅವರ ಹೆಂಡತಿ ಯಶೋದಮ್ಮನವರ ಈಳಿಗೆ ಮಣೆ ಬಂತು. ಅಡುಗೆಯ ಹೊತ್ತಿನಲ್ಲಿ ಈಳಿಗೆ ಕೊಡಿ ಎಂದು ಅವರು, ಇನ್ನೊಂದು ಸಲ ಬಾರಿಸಿ ಕೊಡುತ್ತೇನೆ ಎಂದು ಇವರು. ಕೊನೆಗೆ ಆಕೆಯೇ ಒಂದು ಇಟ್ಟಿಗೆ ತೊಳೆದು ತಂದಿಟ್ಟರು. ನೈಲಾನ್ ತಂತಿಯ ದನಿ ಎಷ್ಟು ಮೆತ್ತಗೆಂದರೆ, ಗೋಡೆಗೆ ಗೋಡೆ ಅಂಟಿದ ಆ ಸಾಲುಮನೆಗಳಲ್ಲಿ ಪಕ್ಕದವರು ಯಾರದೋ ರೇಡಿಯೋ ಇರಬೇಕೆಂದು ಸುಮ್ಮನಿದ್ದರು.

ಎಡಗೈ ಬೆರಳ ತುದಿಗಳು ಉರಿದು, ಗಟ್ಟಿಯಾಗಿ, ಪಾಠ ಮುಂದಕ್ಕೆ ಹೋಯಿತು. ತೊಂದರೆ ಬಂದದ್ದು ಬಲಗೈಯಿಂದ. ಇವರ ತಂತಿಯಿಂದ ಮಿಸ್ ತಂತಿಯ ಹೊಳಪು ಬರುತ್ತಿರಲಿಲ್ಲ.

"ನೋಡು ಮ್ಯಾನ್," ಎಂದರು ಮಿಸ್. "ಬರೀ ಚರ್ಮ ಮುಟ್ಟಿದ್ರೆ ತಂತಿ ಗೊಣಗುತ್ತೆ. ಉಗುರು ಮುಟ್ಟಿದ್ರೆ ಮಾತಾಡುತ್ತೆ. ರೈಟ್ ಹ್ಯಾಂಡ್ ಬೆಳೆಸು, ಲೆಫ್ಟ್ ಹ್ಯಾಂಡ್ ಕಟ್ ಮಾಡು."

ಅಂದಿನಿಂದ ಮುನಿಆಂಜನಪ್ಪನವರ ಬಲಗೈ ರಾಜಮರ್ಯಾದೆಗೆ ಒಳಗಾಯಿತು. ಬಸ್ಸಿನ ಮೈಯನ್ನು ತಟ್ಟಿ 'ರೈಟ್' ಎನ್ನುವ ಕೆಲಸ ಎಡಗೈಗೆ ಹೋಯಿತು. ಬಿಗಿದುಕೊಂಡ ಕಿಟಕಿಯನ್ನು ಎತ್ತಿಕೊಡಿ ಎಂದರೆ ಕಾಲೇಜು ಹುಡುಗರನ್ನು ಕರೆಯುತ್ತಿದ್ದರು. ಬಡಗಿಗಳು ಬಳಸುವ ಉಪ್ಪು ಕಾಗದದ ಅತಿ ನಯವಾದ ತುಂಡೊಂದು ಟಿಕೆಟ್ಟಿನ ಚೀಲದಲ್ಲಿ ಸದಾ ಇರುತ್ತಿತ್ತು. ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಾಗಲೆಲ್ಲ ಉಗುರಿನ ಅಂಚನ್ನು ಉಜ್ಜಿಕೊಳ್ಳುತ್ತಿದ್ದರು. ಮುದ್ದೆ ಮುರಿಯುವುದನ್ನಂತೂ ಹೊಸದಾಗಿ ಕಲಿಯಬೇಕಾಯಿತು. ಒಂದು ಕೈ ಗಂಡಸಿನದು, ಒಂದು ಕೈ ನಾಟಕದವಳದು ಎಂದು ಯಶೋದಮ್ಮನವರು ಹಾಸ್ಯ ಮಾಡುತ್ತಿದ್ದರು.

ಬಸ್ಸಿನಲ್ಲಿ ಎಲ್ಲರ ಕಣ್ಣೂ ಕಂಡಕ್ಟರನ ಕೈಯ ಮೇಲೆಯೇ ತಾನೆ? ಒಂದು ದಿನ, ಕೆ.ಆರ್. ಪುರದ ಸಂತೆಯಿಂದ ಹೂವಿನ ಕುಕ್ಕೆ ತರುತ್ತಿದ್ದ ಅಜ್ಜಿಯೊಬ್ಬಳು ಅವರ ಬಲಗೈಯನ್ನು ನೋಡಿ, ಹರಕೆಯೇ ಎಂದು ಕೇಳಿದಳು. ಮಾಲೆ ಹಾಕಿದವರು ಗಡ್ಡ, ಉಗುರು ಬಿಡುವುದು ನಮ್ಮ ಕಡೆ ಉಂಟಷ್ಟೆ. ಬಸ್ಸು ಕಿಕ್ಕಿರಿದಿತ್ತು; ಅರ್ಧ ಮಂದಿಗೆ ಇನ್ನೂ ಟಿಕೆಟ್ಟು ಕೊಟ್ಟಿರಲಿಲ್ಲ. ಇವರು ಹೂಂ ಎಂದು ತಲೆಯಾಡಿಸಿ ಮುಂದಕ್ಕೆ ಹೋದರು. ಹಾಗಾದರೆ ಒಂದೇ ಕೈಯಲ್ಲಿ ಏಕೆ ಎಂದು ಯಾರೋ ಕೇಳಿದ್ದಕ್ಕೆ ಉತ್ತರ ಕೊಟ್ಟವಳೂ ಅಜ್ಜಿಯೇ: ಎಡಗೈಯನ್ನು ದೇವರಿಗೆ ಕೊಡುತ್ತಾರೆಯೇ?

ಈ ತರ್ಕವನ್ನು ಇಡೀ ಬಸ್ಸು ಒಪ್ಪಿಕೊಂಡಿತು. ಮರುದಿನದಿಂದ ಅವರಿಗೆ ಸಿಕ್ಕ ಗೌರವ ಇಪ್ಪತ್ತು ವರ್ಷದ ನೌಕರಿಯಲ್ಲಿ ಸಿಕ್ಕಿರಲಿಲ್ಲ. ಚಿಲ್ಲರೆಗೆ ಜಗಳವಾಡುವವರು ಮೆತ್ತಗಾದರು. ಒಬ್ಬಾಕೆ ಕುಂಕುಮದ ಪೊಟ್ಟಣ ಕೊಟ್ಟಳು. ಮುನಿಆಂಜನಪ್ಪನವರು ನಿಜವನ್ನು ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಚಳಿಗಾಲ ಕಳೆದರು. ಅಷ್ಟರಲ್ಲಿ ಸುದ್ದಿ ಅದೇ ಬಸ್ಸು ಹತ್ತಿ, ಕೆ.ಆರ್. ಪುರ ದಾಟಿ, ಅವರ ಹುಟ್ಟೂರಿನಲ್ಲಿ ಇಳಿಯಿತು. ಅಲ್ಲಿ ಅವರ ಅಕ್ಕ ಪಿಳ್ಳಮ್ಮ ಇದ್ದರು.

ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದ ಅಕ್ಕ. ಆಕೆಯ ಮುಂದೆ ಮುನಿಆಂಜನಪ್ಪನವರು ಇಂದಿಗೂ ಕಾಲು ಮೇಲೆ ಕಾಲು ಹಾಕುವುದಿಲ್ಲ. ಒಂದು ಬೆಳಗ್ಗೆ ಹಲಸೂರಿನ ಮನೆಗೆ ಬಂದವರೇ ತಮ್ಮನ ಕೈ ಹಿಡಿದು ತಿರುಗಿಸಿ ನೋಡಿದರು. ಯಾವ ಸ್ವಾಮಿಗೆ ಎಂದು ಕೇಳಿದರು. ಕುಲದೇವರ ಹೆಸರಲ್ಲದೆ ಬೇರೆ ಯಾವ ಹೆಸರೂ ತಮ್ಮನ ಬಾಯಿಗೆ ಬರಲಿಲ್ಲ, ಮುನೇಶ್ವರನಿಗೆ ಎಂದರು. ಯಾತಕ್ಕೆ ಎಂದದ್ದಕ್ಕೆ, ಯಶೋದೆಯ ಮಂಡಿನೋವಿಗೆ ಎಂದರು. ಅದೇ ಹೊತ್ತಿಗೆ ಯಶೋದಮ್ಮನವರು ತುಂಬಿದ ಕೊಡ ಹೊತ್ತು ಮೂರು ಮೆಟ್ಟಿಲನ್ನು ಸರಾಗವಾಗಿ ಹತ್ತಿ ಒಳಗೆ ಬಂದರು.

"ವಾಸಿ ಆಗೈತಲ್ಲೋ," ಎಂದರು ಪಿಳ್ಳಮ್ಮ. "ಮತ್ತೆ ಸಾಮಿಗೆ ಸಾಲ ಮಡೀಕೊಂಡು ಯಾಕ್ ತಿರುಗ್ತಿದೀಯಾ? ಬರೋ ಭಾನುವಾರ ತೀರ್ಸ್‌ಬಿಡಾಣ. ನೆಂಟ್ರಿಗೆಲ್ಲ ನಾನೇ ಹೇಳ್ತೀನಿ."

ಆ ಭಾನುವಾರದ ಸಂಜೆಯೇ ಡೋರೀನ್ ಮಿಸ್ ಮನೆಯ ವರಾಂಡದಲ್ಲಿ ಶಿಷ್ಯರು ನುಡಿಸುವುದಿತ್ತು. ವರ್ಷಕ್ಕೊಮ್ಮೆ ನಡೆಯುವ ಸಣ್ಣ ಕೂಟ. ಆದರೆ ಆ ಮನೆಯಲ್ಲಿ ಅದೇ ಕಡೆಯದು. ಮನೆಯನ್ನು ಕೆಡವಿ ಫ್ಲ್ಯಾಟ್ ಕಟ್ಟುವವರು ಆಗಲೇ ಅಳತೆ ತೆಗೆದುಕೊಂಡು ಹೋಗಿದ್ದರು. ಮಿಸ್ ಬೆನ್ಸನ್ ಟೌನಿನ ತಂಗಿಯ ಮನೆಗೆ ಹೊರಟಿದ್ದರು. ಮುನಿಆಂಜನಪ್ಪನವರ ಪಾಲಿಗೆ ಬಂದದ್ದು ಒಂದು, ಎರಡು, ಮೂರು ಎಂಬ ಎಣಿಕೆಯಲ್ಲಿ ಸಾಗುವ, ನೃತ್ಯಕ್ಕೆ ನುಡಿಸುವ ಒಂದು ಪುಟ್ಟ ತುಣುಕು. ಅದನ್ನು ಅವರು ತಿಂಗಳುಗಟ್ಟಲೆ ತಿದ್ದಿದ್ದರು. ಉಗುರು ಕೊಟ್ಟರೆ ಆ ಸಂಜೆ ಹೋದಂತೆ, ಏಕೆಂದರೆ ಹೋದ ಉಗುರು ಮತ್ತೆ ಅಷ್ಟು ಬರಲು ತಿಂಗಳುಗಳೇ ಬೇಕು. ಕೊಡುವುದಿಲ್ಲವೆಂದರೆ, ಮುನೇಶ್ವರನ ಹೆಸರಿನಲ್ಲಿ ಅಕ್ಕನಿಗೆ ಸುಳ್ಳು ಹೇಳಿದ್ದು ಬಯಲಾಗುತ್ತದೆ. ಹೆಂಡತಿಯನ್ನು ಉಪಾಯ ಕೇಳಿದರು. ಇಲ್ಲದ ನೋವನ್ನು ತನ್ನ ಮಂಡಿಗೆ ಕಟ್ಟಿದ್ದಕ್ಕೆ ಆಕೆಗೆ ಕೋಪ ಬಂದಿತ್ತು. ನಿಮ್ಮ ಹರಕೆ, ನಿಮ್ಮ ಅಕ್ಕ, ನಿಮ್ಮ ಉಗುರು ಎಂದು ಹೇಳಿ ಅಕ್ಕಿ ಆರಿಸಲು ಕೂತರು.

ಭಾನುವಾರ ಬಂತು. ನೆರೆಯವನೆಂದು ನನಗೂ ಕರೆಯಿತ್ತು. ಊರಾಚೆ ಹುಣಸೆಮರದ ಬುಡದಲ್ಲಿ ಅರಿಸಿನ ಬಳಿದ ಮೂರು ಕಲ್ಲು, ಅದೇ ಮುನೇಶ್ವರ. ಒಂದು ಕಡೆ ಒಲೆ ಹೂಡಿ ಮಸಾಲೆ ಅರೆಯುತ್ತಿದ್ದರು, ಇನ್ನೊಂದು ಕಡೆ ಗಂಡಸರು ಸೌದೆ ಸೀಳುತ್ತಿದ್ದರು. ಅಲ್ಲಿಂದ ನೇರವಾಗಿ ಕಾಕ್ಸ್ ಟೌನಿಗೆ ಹೋಗಬೇಕಾಗಿದ್ದರಿಂದ ಮುನಿಆಂಜನಪ್ಪನವರು ಗಿಟಾರನ್ನು ಚೀಲಸಮೇತ ತಂದು ಮರಕ್ಕೆ ಒರಗಿಸಿದ್ದರು. ಉಗುರು ಹೋದ ಕೈಯಲ್ಲಿ ಅದನ್ನು ಏನು ಮಾಡುವುದೆಂದು ಅವರಿಗೇ ಗೊತ್ತಿರಲಿಲ್ಲ.

ಪೂಜೆ ಮಾಡುವ ರಾಮಣ್ಣನವರಿಗೆ ಇಕ್ಕಟ್ಟು. ಮುಡಿ ಕೊಡುವುದನ್ನು ಅವರು ಕಂಡಿದ್ದರು. ಉಗುರು ಕೊಡುವುದನ್ನು ಕಂಡಿರಲಿಲ್ಲ, ಅದನ್ನು ದೇವರ ಮುಂದೆ ಇಡುವುದಕ್ಕಂತೂ ಒಪ್ಪಲಿಲ್ಲ. ಮರದ ಹಿಂದೆ ಹಾಕಿದರಾಯಿತು ಎಂದು ಪಿಳ್ಳಮ್ಮನವರೇ ಶಾಸ್ತ್ರ ನಿರ್ಣಯಿಸಿ, ಸೆರಗಿನ ಗಂಟಿನಿಂದ ಉಗುರು ಕತ್ತರಿ ತೆಗೆದರು. ತೆಂಗಿನಕಾಯಿ ಒಡೆಯಿತು. ತಮ್ಮನ ಕೈ ಹಿಡಿದು ಅಂಚಿನಿಂದ ಶುರುಮಾಡಿದರು. ಕಿರುಬೆರಳಿನ ಉಗುರು ಹೋಯಿತು. ಮುನಿಆಂಜನಪ್ಪನವರು ಮಿಸುಕಲಿಲ್ಲ. ಕತ್ತರಿ ಉಂಗುರದ ಬೆರಳಿಗೆ ತಾಗಿತು. ಅವರು ಕೈ ಎಳೆದುಕೊಂಡರು.

"ಬ್ಯಾಡಕ್ಕ. ಇದು ಹರಕೆ ಅಲ್ಲ. ಗಿಟಾರಿಗೆ ಬಿಟ್ಟಿರೋದು."

ಸೌದೆ ಸೀಳುವ ಸದ್ದೂ ನಿಂತಿತು. ಪಿಳ್ಳಮ್ಮ ತಮ್ಮನನ್ನೇ ನೋಡಿದರು.

"ಸಾಮಿ ಹೆಸ್ರಲ್ಲಿ ಸುಳ್ಳು ಹೇಳ್ದೇನ್ಲಾ?"

"ಮೊದ್ಲು ನಾನ್ ಹೇಳ್ಲಿಲ್ಲಕ್ಕ. ಬಸ್ಸಲ್ಲಿ ಕೇಳುದ್ರು, ತಲೆ ಆಡಿಸ್ದೆ."

"ತಲೆ ಯಾರ್ದು?"

ಯಾರೋ ಕಿಸಕ್ಕೆಂದರು. ಪಿಳ್ಳಮ್ಮ ನಗಲಿಲ್ಲ. ಈ ವಯಸ್ಸಿನಲ್ಲಿ ಸುಳ್ಳು ಹೇಳಿಸುವಂಥದ್ದು ಆ ಚೀಲದಲ್ಲಿ ಏನಿದೆ, ಸ್ವಾಮಿಯ ಮುಂದೆಯೇ ತೋರಿಸು ಎಂದರು.

ಮುನಿಆಂಜನಪ್ಪನವರು ಒಂದು ಸೌದೆ ತುಂಡಿನ ಮೇಲೆ ಎಡಗಾಲಿಟ್ಟು ಕೂತರು. ಬಯಲಿನ ಗಾಳಿಯಲ್ಲಿ ನೈಲಾನ್ ತಂತಿಯ ದನಿ ನಾಲ್ಕು ಮಾರು ಆಚೆಗೆ ಮುಟ್ಟಲಿಲ್ಲ. ಕೇಳಿಸುತ್ತಿಲ್ಲ ಎಂದು ಹಿಂದಿದ್ದವರು ಹೇಳಿದಾಗ, ಗದ್ದಲ ಮಾಡಿದರೆ ಹೇಗೆ ಕೇಳಿಸುತ್ತದೆ, ಹತ್ತಿರ ಬನ್ನಿ ಎಂದು ಪಿಳ್ಳಮ್ಮ ಗದರಿಸಿದರು. ಮಸಾಲೆ ಅರೆಯುವವರು ಕೈ ತೊಳೆಯದೆಯೇ ಎದ್ದು ಬಂದರು. ಜೋರಾಗಿ ಮಾತನಾಡುವುದನ್ನೇ ಬಾಂಧವ್ಯವೆಂದು ನಂಬಿದ್ದ ಆ ನೆಂಟರಿಷ್ಟರೆಲ್ಲ, ಕೋಳಿ ಕಾವಿಗೆ ಕೂತ ಹಾಗೆ ಒತ್ತಾಗಿ, ಸದ್ದಿಲ್ಲದೆ ಕುಕ್ಕರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೆಬ್ಬೆರಳು ತನ್ನ ದಾರಿಯಲ್ಲಿ ಸಾಗಿತು. ಮೂರು ಬೆರಳುಗಳು ಅದರ ಬೆನ್ನ ಮೇಲೆ ಕುಣಿದವು. ತುಣುಕು ಮುಗಿಯಿತು.

ಪಿಳ್ಳಮ್ಮ ಮಾತ್ರ ಅಷ್ಟು ಹೊತ್ತೂ ತಮ್ಮನ ಕೈಯನ್ನೇ ನೋಡುತ್ತಿದ್ದರು.

"ಆ ಕಿರುಬೆಳ್ಳು ಸುಮ್ಕೆ ನೀಟ್ಕೊಂಡ್ ಕೂತಿತ್ತಲ್ಲ, ಯಾಕೆ?"

"ಅದಕ್ಕೆ ಇದ್ರಲ್ಲಿ ಕೆಲ್ಸ ಇಲ್ಲಕ್ಕ."

ಪಿಳ್ಳಮ್ಮ ಕತ್ತರಿಯನ್ನು ಸೆರಗಿಗೆ ಕಟ್ಟಿಕೊಂಡರು.

"ಹಂಗಾದ್ರೆ ಸಾಮಿ ತಿಳ್ಕೊಂಡೇ ತಗೊಂಡವ್ನೆ. ಕೆಲ್ಸ ಇರೋದ್ನ ನಿನಗೇ ಬಿಟ್ಟವ್ನೆ. ಏಳು, ತೆಪ್ಪಾಯ್ತು ಅಂತ ಮೂರು ಸುತ್ತು ಬಾ. ಯಶೋದ, ನೀನೂ ಬಾ, ಮಂಡಿ ಗಟ್ಟಿಯಾಗೈತಲ್ಲ."

ಯಶೋದಮ್ಮನವರು ಮುಸಿಮುಸಿ ನಗುತ್ತಲೇ ಗಂಡನ ಹಿಂದೆ ಸುತ್ತು ಬಂದರು. ಊಟವಾಯಿತು. ಕಾಕ್ಸ್ ಟೌನಿಗೆ ಹೊರಟಾಗ ಪಿಳ್ಳಮ್ಮ ತಾವೂ ಬರುವುದಾಗಿ ಹೇಳಿ, ಹೇಳಿಕೊಟ್ಟವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಒಂದು ಕ್ಯಾರಿಯರ್ ತುಂಬ ಸಾರು ತುಂಬಿಕೊಂಡರು. ಡೋರೀನ್ ಮಿಸ್ ಮುಚ್ಚಳ ತೆಗೆದು ವಾಸನೆ ನೋಡಿ, ಕಾರ್ಯಕ್ರಮ ಬೇಗ ಮುಗಿಸೋಣ ಎಂದರು.

ವರಾಂಡದಲ್ಲಿ ಹತ್ತಾರು ಬೆತ್ತದ ಕುರ್ಚಿಗಳು. ಮಕ್ಕಳ ತಂದೆತಾಯಿಯರು ಒಳ್ಳೆಯ ಬಟ್ಟೆ ತೊಟ್ಟು ಕೂತಿದ್ದರು. ಮುನಿಆಂಜನಪ್ಪನವರ ಸರದಿ ಬಂದಾಗ ಮೊದಲ ಸಲ ನಡುವೆ ಒಂದು ಸ್ವರ ತಪ್ಪಿತು. ಅವರು ನಿಲ್ಲಿಸಲಿಲ್ಲ, ಆದರೆ ಕಿವಿ ಕೆಂಪಾಯಿತು. ಮಿಸ್ ಮತ್ತೊಮ್ಮೆ ಎಂಬಂತೆ ಬೆರಳು ಆಡಿಸಿದರು. ಎರಡನೆಯ ಸಲ ಅವರು ಎದುರಿಗಿದ್ದವರನ್ನೂ ನೋಡಲಿಲ್ಲ, ಕೈಯನ್ನೂ ನೋಡಲಿಲ್ಲ; ಕಣ್ಣು ಮುಚ್ಚಿ, ಮೀಸೆಯೊಳಗೇ ನಗುತ್ತ, ತಮಗಾಗಿಯೇ ಬಾರಿಸಿಕೊಂಡರು. ಬೀದಿಯಲ್ಲಿ ಸೈಕಲ್ಲಿನವನೊಬ್ಬ ಕಾಲೂರಿ ನಿಂತು ಕೇಳಿಸಿಕೊಂಡು ಹೋದ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಅವರ ಕೈಯನ್ನು ನೋಡಿ ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಪಿಳ್ಳಮ್ಮ ಮುಂದಕ್ಕೆ ಬಾಗಿ ಆಕೆಯ ಭುಜ ತಟ್ಟಿದರು.

"ನಮ್ ತಮ್ಮ ಕಣಮ್ಮ. ಅವು ಕೆಲ್ಸದ ಉಗುರು."