ಉಸಿರು ಹಿಡ್ಕೋ

ಮಹಾಲಕ್ಷ್ಮಿ ಲೇಔಟಿನಲ್ಲಿ ನಾವು ಬಾಡಿಗೆಗಿದ್ದಾಗ ಮೇಲಿನ ಮನೆಯಲ್ಲಿ ಒಬ್ಬ ಆಂಟಿ ಇದ್ದರು. ವಾಚ್ ಫ್ಯಾಕ್ಟರಿಯಲ್ಲಿ ಸರ್ವಿಸ್ ಪೂರ್ತಿ ವಾಚು ಜೋಡಿಸಿ ರಿಟೈರ್ ಆದವರು. ಸೂಜಿಗೆ ದಾರ ಪೋಣಿಸುವಾಗಲೂ, ದೋಸೆ ಮಗುಚುವಾಗಲೂ "ಉಸಿರು ಹಿಡ್ಕೋ" ಎನ್ನುತ್ತಿದ್ದರು, ಪಕ್ಕದಲ್ಲಿ ಸುಮ್ಮನೆ ನಿಂತ ನನಗೂ. ಫ್ಯಾಕ್ಟರಿಯಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂಗಳು ಉಸಿರು ತಾಗಿದರೆ ಸಾಕು, ಹಾರಿಹೋಗುತ್ತಿದ್ದವಂತೆ.

ಬಿ.ಪಿ. ಬಂತೆಂದು ಮಗಳು ಅವರ ಕೈಯಿಂದ ಕೀ ಕೊಡುವ ಹಳೆಯ ವಾಚು ಬಿಚ್ಚಿಸಿ ಸ್ಮಾರ್ಟ್‌ವಾಚ್ ಕಟ್ಟಿದಳು. ಆಂಟಿ ಗೊಣಗಲಿಲ್ಲ. ಆದರೂ ಬೆಳಗಿನ ಕಾಫಿ ಕುಡಿಯುತ್ತಾ ಹೆಬ್ಬೆರಳು, ತೋರುಬೆರಳು ಸೇರಿಸಿ ಇಲ್ಲದ ಕೀಯನ್ನು ತಿರುಗಿಸುತ್ತಿದ್ದರು.

ಒಂದು ಭಾನುವಾರ ಆ ಹಳೆಯ ವಾಚನ್ನು ಬಿಚ್ಚಿ ಊಟದ ಮೇಜಿನ ಮೇಲೆ ಹರಡಿಕೊಂಡಿದ್ದರು.

"ನಾನು ಕಟ್ಕೊಳ್ದಿದ್ರೂ ಅದು ನಡೀತಾ ಇರ್ಬೇಕು ಕಣೇ" ಎಂದರು.

ಕಣ್ಣಿಗೆ ಲೆನ್ಸ್ ಒತ್ತಿಕೊಂಡು, ಒಂದೊಂದೇ ಭಾಗವನ್ನು ಮತ್ತೆ ಜೋಡಿಸಿ, ಕೊನೆಯ ಸ್ಕ್ರೂವನ್ನು ಟ್ವೀಜರ್ ತುದಿಯಲ್ಲಿ ಎತ್ತಿದರು. ಇಬ್ಬರೂ ಉಸಿರು ಹಿಡಿದೆವು. ಅಷ್ಟರಲ್ಲಿ ಅವರ ಮಣಿಕಟ್ಟಿನ ಸ್ಮಾರ್ಟ್‌ವಾಚ್ ಗುರ್ರೆಂದಿತು. ಬಗ್ಗಿ ನೋಡಿದೆ. ದೀರ್ಘವಾಗಿ ಉಸಿರಾಡಿ ಎಂಬ ಸೂಚನೆ.

ವಾಚು ನಡುಗುತ್ತಿತ್ತು, ಕೈ ನಡುಗಲಿಲ್ಲ. ಎಪ್ಪತ್ತರ ಹತ್ತಿರದ ಆ ಬೆರಳುಗಳು ಸ್ಕ್ರೂವನ್ನು ಅದರ ಜಾಗದಲ್ಲಿ ಕೂರಿಸಿ, ಟ್ವೀಜರನ್ನು ಸದ್ದಿಲ್ಲದೆ ಕೆಳಗಿಟ್ಟವು.

ಆಮೇಲೆ ಆಂಟಿ ನಿಧಾನವಾಗಿ ಉಸಿರು ಬಿಟ್ಟು, ಮಣಿಕಟ್ಟಿನತ್ತ ತಿರುಗಿ, ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಗೆ ಹೇಳುವಂತೆ ಹೇಳಿದರು:

"ಸ್ಕ್ರೂ ಕೂರೋ ತನಕ ಮಾತಾಡಿಸ್ಬಾರ್ದು ಕಣಮ್ಮ."